ಹಿಡಿದುಕೊಳ್ಳಲು ಕೊಟ್ಟ ನಟ್ಟುಗಳನ್ನು ಹಿಂದಿರುಗಿಸುವ ಬಗ್ಗೆ

ಸಂಖ್ಯೆ: ಮ.ಮುಂ.ದು / ನಟ್ಟು-16 / ಕೈಗೆ ಸಿಕ್ಕಿದ್ದು-12 / ಪ್ರ.ಸಾಲು
ದಿನಾಂಕ: (ತಾರೀಖಿನ ಮೇಲೆ ಗ್ರೀಸ್ ಬಿದ್ದಿರುವುದರಿಂದ ಓದಲು ಬರುತ್ತಿಲ್ಲ. ವಾರ ಮಾತ್ರ ಮಂಗಳವಾರ.)

ಸುತ್ತೋಲೆ

ವಿಷಯ: ಮನೆಯ ಮುಂದೆ ಕಾರಿನ ಚಕ್ರಗಳಿಗೆ ಉದ್ದನೆಯ ಸ್ಟಡ್ (ನಟ್ಟು ಕೂರುವ ಬೋಲ್ಟು) ಕೂರಿಸುವಾಗ ಸುತ್ತ ನೆರೆಯುವ ಸಲಹೆಗಾರರ ಅಂತರ, ಕೈ, ಕಿಸೆ ಮತ್ತು ಬಾಯಿಯನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ:
1) ಸುಹಾನಾ ತಂದೆ ಜಮಾಲಸಾಬ, ಸಾಕಿನ್ ಸವಣೂರು, ಇವರ ಮೌಖಿಕ ದೂರು.
2) ಅದೇ ದೂರು, ಇನ್ನಷ್ಟು ಜೋರಾಗಿ.
3) ಚಿಕ್ಕೇರೂರಿನ ಒಂದು ಗೋಡೆ.

ವ್ಯಾಪ್ತಿ: ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಜಾಕ್ ಮೇಲೆ ಎತ್ತಿದ ಯಾವುದೇ ವಾಹನ ಹಾಗೂ ಅದನ್ನು ನೋಡಿ ನಿಂತುಬಿಟ್ಟ ಎಲ್ಲ ಸಾರ್ವಜನಿಕರು.

ಪ್ರಸ್ತಾವನೆ:

ಸದರಿ ಸುಹಾನಾ (ವಯಸ್ಸು 24) ಇವರು ತಾಯಿ ಮುನವ್ವರಾ ಅವರೊಡನೆ ಮನೆಯಲ್ಲಿಯೇ ಸವಣೂರು ಖಾರವೆಂಬ ಕುರುಕಲು ತಿಂಡಿ ಕರಿದು ಕಟ್ಟಿ ಮಾರುವವರು. ಆ ಖಾರವನ್ನು ಓಮ್ನಿ ಕಾರಿನಲ್ಲಿ ಹಾನಗಲ್, ಶಿಗ್ಗಾಂವಿ, ಹಿರೇಕೆರೂರಿನ ಅಂಗಡಿಗಳಿಗೆ ಮುಟ್ಟಿಸುತ್ತಿದ್ದವರು ತಂದೆ ಜಮಾಲಸಾಬ. ಆದರೆ ಕಳೆದ ಮಳೆಗಾಲದಿಂದ ಜಮಾಲಸಾಬರ ಬಲ ಮೊಣಕಾಲು ಮುಷ್ಕರ ಹೂಡಿದ್ದು, ಬ್ರೇಕ್ ಒತ್ತಲು ಒಪ್ಪುತ್ತದೆ, ಎತ್ತಲು ಒಪ್ಪುವುದಿಲ್ಲ. ಆದ್ದರಿಂದ ಇನ್ನು ಮುಂದೆ ಗಾಡಿಯನ್ನು ಸುಹಾನಾ ಅವರೇ ಓಡಿಸತಕ್ಕದ್ದೆಂದು ಅಡುಗೆಮನೆಯಲ್ಲಿ ನಡೆದ ಮೂವರ ಸಭೆಯಲ್ಲಿ ಸರ್ವಾನುಮತದ ನಿರ್ಣಯವಾಯಿತು.

ಸುಹಾನಾ ಅವರ ಚಾಲನಾ ಪರೀಕ್ಷೆ ಹಿರೇಕೆರೂರಿನ ಶಿಬಿರದಲ್ಲಿ ಸದರಿ ಮಂಗಳವಾರ ಮಧ್ಯಾಹ್ನ ನಿಗದಿಯಾಗಿತ್ತು. ಅವರ ಕಲಿಕಾ ಲೈಸೆನ್ಸಿನ ಆಯುಷ್ಯವೂ ಅಂದೇ ಸಂಜೆ ತೀರುವುದಿತ್ತು. ಅಂದು ತಪ್ಪಿದರೆ ಮತ್ತೆ ಓಂಪ್ರಥಮದಿಂದ ಅರ್ಜಿ. ಅಷ್ಟರಲ್ಲಿ ಬೇರೆಯವರ ಖಾರ ಇಟ್ಟುಕೊಳ್ಳುತ್ತೇವೆಂದು ಮೂರೂ ಊರಿನ ಅಂಗಡಿಯವರು ಹೇಳಿ ಕಳಿಸಿದ್ದರು. ಅಂದು ಬೆಳಗಿನಿಂದ ಸುಹಾನಾ ಅವರ ಎದೆ ಡವಡವ ಎನ್ನುತ್ತಿತ್ತು. ಇದನ್ನು ಅವರು ಯಾರ ಮುಂದೆಯೂ ಹೇಳಿಲ್ಲ, ಆದರೂ ಇಲಾಖೆಯ ಗಮನಕ್ಕೆ ಬಂದಿದೆ.

ಇದರ ಮಧ್ಯೆ ಜಮಾಲಸಾಬರು ಮಗಳ ಮೇಲಿನ ಅಕ್ಕರೆಯಿಂದ ಹಾನಗಲ್ಲಿನ ಗುಜರಿಯಲ್ಲಿ ನಾಲ್ಕು ಹೊಳೆಯುವ ಚಕ್ರಗಳನ್ನು ತಂದಿದ್ದರು. ಚಕ್ರ ಚೆಂದ, ಆದರೆ ನಡುಭಾಗ ದಪ್ಪ. ಹಳೆಯ ಸ್ಟಡ್ ಅದರಿಂದ ತುಸುವೇ ಇಣುಕುತ್ತಿದ್ದು, ನಟ್ಟು ಮೂರು ಸುತ್ತು ತಿರುಗಿ ಮುಗಿಯುತ್ತಿತ್ತು. ಮೂರು ಸುತ್ತಿನ ಭರವಸೆಯ ಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಲಾರೆನೆಂದು ಸುಹಾನಾ ಅವರು ಉದ್ದನೆಯ ಸ್ಟಡ್‌ಗಳನ್ನು ತರಿಸಿ, ಮೊಬೈಲಿನಲ್ಲಿ ನೋಡಿ ಕಲಿತು, ತಾವೇ ಕೂರಿಸಲು ಆರಂಭಿಸಿದರು. ಮೂರು ಚಕ್ರಗಳ ಕೆಲಸ ಸೋಮವಾರವೇ ಮುಗಿದಿತ್ತು. ಆಗ ಬೀದಿಯಲ್ಲಿ ಮದುವೆಯೂಟವಿದ್ದು ಸಲಹೆಗಾರರೆಲ್ಲ ಅಲ್ಲಿದ್ದರು.

ಮಂಗಳವಾರ ಬೆಳಗ್ಗೆ ಎಂಟಕ್ಕೆ ನಾಲ್ಕನೆಯ ಚಕ್ರ, ಅಂದರೆ ಎಡ ಹಿಂಬದಿಯದು, ಬಿಚ್ಚಲ್ಪಟ್ಟಿತು. ಸುತ್ತಿಗೆಯ ಮೊದಲ ಏಟು ಬಿದ್ದ ಕೂಡಲೇ ಸಲಹೆಗಾರರು ನೆರೆದರು. ಒಬ್ಬೊಬ್ಬರೂ "ಹಂಗಲ್ಲಬೇ, ಹಂಗಲ್ಲ" ಎನ್ನುತ್ತ ಕೈ ಹಾಕತೊಡಗಿದರು. ದೊಡ್ಡವರಿಗೆ ಸರಿಯಿರಿ ಎನ್ನುವಂತಿಲ್ಲ. ಕೈ ಖಾಲಿಯಿದ್ದರೆ ತಾನೇ ಅವರು ಕೈ ಹಾಕುವುದು ಎಂದು ಯೋಚಿಸಿದ ಸುಹಾನಾ ಅವರು, "ಕಾಕಾ, ಇದನ್ನೊಂಚೂರು ಹಿಡಕೋರಿ" ಎಂದು ಒಬ್ಬೊಬ್ಬರ ಕೈಗೂ ಒಂದೊಂದು ನಟ್ಟು ಕೊಟ್ಟರು. ಉಪಾಯ ಫಲಿಸಿತು. ನಾಲ್ವರೂ ನಟ್ಟು ಹಿಡಿದು, ಮಾನ ಸಿಕ್ಕಿತೆಂದು ಎದೆಯುಬ್ಬಿಸಿ, ಮುಕ್ಕಾಲು ತಾಸು ನಿಂತಲ್ಲೇ ನಿಂತರು. ಆಮೇಲೆ ಮೂವರಿಗೆ ಬಸ್ಸಿನ ಹೊತ್ತಾಯಿತು, ಒಬ್ಬರಿಗೆ ಕರ್ತವ್ಯದ ಹೊತ್ತಾಯಿತು.

ಸುಹಾನಾ ಅವರು ಸ್ಟಡ್ ಕೂರಿಸಿ, ಚಕ್ರ ಏರಿಸಿ, ನಟ್ಟಿಗಾಗಿ ಹಿಂದಕ್ಕೆ ಕೈ ಚಾಚಿದಾಗ ಅಂಗಳದಲ್ಲಿ ಒಂದು ಕೋಳಿ ಮಾತ್ರ ಇತ್ತು.

ಈ ಹಿನ್ನೆಲೆಯಲ್ಲಿ, ಸರ್ವರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಸಲಹೆಗಾರ ಎಂದರೆ: ಜಾಕ್ ಮೇಲಿರುವ ವಾಹನದಿಂದ ಹದಿನೈದು ಅಡಿಯೊಳಗೆ ನಡಿಗೆ ನಿಲ್ಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಾರೂ ಕೇಳದಿದ್ದಾಗ್ಯೂ "ಹಂಗಲ್ಲ" ಎಂದ ವ್ಯಕ್ತಿ. ಕೇವಲ ಕೆಮ್ಮಿದವರನ್ನು ಸಲಹೆಗಾರರೆಂದು ಪರಿಗಣಿಸತಕ್ಕದ್ದಲ್ಲ. ಅರ್ಥಗರ್ಭಿತವಾಗಿ ಕೆಮ್ಮಿದವರನ್ನು ಪರಿಗಣಿಸತಕ್ಕದ್ದು.

2. ಒಂದು ಚಕ್ರಕ್ಕೆ ಒಬ್ಬ ಸಲಹೆಗಾರರು ಮೂರು ಸಲ ಮಾತ್ರ "ಹಂಗಲ್ಲ" ಎನ್ನಬಹುದು. ಮಿತಿ ಮುಗಿದ ನಂತರ ತಲೆಯಾಡಿಸಲು ಅವಕಾಶವಿದೆ. ನಾಲಿಗೆಯಿಂದ ಚ್, ಚ್ ಎನ್ನಲು ಮುಂಚಿತವಾಗಿ ಲಿಖಿತ ಅನುಮತಿ ಪಡೆಯುವುದು.

3. ಸ್ಟಡ್ ಕೂರಿಸುವ ಕ್ರಮದಲ್ಲಿ ಚರ್ಚೆಗೆ ಆಸ್ಪದವಿಲ್ಲ. ಬ್ರೇಕ್ ಡ್ರಮ್ ಕಳಚಿ, ಹಳೆಯ ಸ್ಟಡ್ಡನ್ನು ಮುಂದಿನಿಂದ ಹೊಡೆದು ಹಿಂದಕ್ಕೆ ಬೀಳಿಸತಕ್ಕದ್ದು. ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ಗ್ರೀಸ್ ಸವರಿದ ನಾಲ್ಕು ವಾಷರ್ ಹಾಕಿ, ಮೇಲೊಂದು ಹಳೆ ನಟ್ಟನ್ನು ಬೋರಲು ಕೂರಿಸಿ ಬಿಗಿಯುತ್ತ ಹೋಗತಕ್ಕದ್ದು. ಸ್ಟಡ್ ತಾನಾಗಿಯೇ ಮುಂದೆ ಬಂದು ಗಟ್ಟಿಯಾಗಿ ಕೂರುತ್ತದೆ. ಸದರಿ ದಿನ ಈ ಸೇವೆ ಸಲ್ಲಿಸಿದ ಹಳೆ ನಟ್ಟು ಹಲ್ಲು ಸವೆದು ನಿವೃತ್ತಿ ಹೊಂದಿದ್ದು, ಮರುನೇಮಕಕ್ಕೆ ಅರ್ಹವಿರಲಿಲ್ಲ. ದಪ್ಪ ಚಕ್ರಕ್ಕೆ ಬೇಕಾದ ಮೊನಚು ಮೂತಿಯ ನಟ್ಟು ಸವಣೂರಿನ ಅಂಗಡಿಯಲ್ಲೂ ಇರಲಿಲ್ಲ.

4. ನಟ್ಟು ಕಡಿಮೆ ಬಿದ್ದಾಗ ಅಳತಕ್ಕದ್ದಲ್ಲ. ಸುಹಾನಾ ಅವರು ಪಾನಾ ಕೈಯಲ್ಲಿ ಹಿಡಿದು ಅಳುವುದಕ್ಕೆ ಕೇವಲ ಅರ್ಧ ನಿಮಿಷವಿರುವಾಗ ಜಮಾಲಸಾಬರು ಮಂಚದ ಮೇಲಿನಿಂದ ಹೇಳಿದ್ದು ಕೆಳಕಂಡಂತೆ ದಾಖಲಾಗಿದೆ: "ಮೂರು ಚಕ್ರದ್ದು ಒಂದೊಂದು ನಟ್ಟು ತಗದು ಇದಕ್ಕ ಹಾಕವ್ವಾ. ನಾಲ್ಕೂ ಬಡವರಾಗ್ತಾವು, ಯಾವುದೂ ಭಿಕಾರಿ ಆಗಂಗಿಲ್ಲ. ಸಾವಕಾಶ ಹೊಡಿ. ದಾರ್‍ಯಾಗ ಒಬ್ಬೊಬ್ಬರನ್ನ ಹಿಡಿಯೂಣು." ಹಾಗೆಯೇ ಆಯಿತು. ಚಕ್ರಕ್ಕೆ ಮೂರರಂತೆ ಹನ್ನೆರಡು ನಟ್ಟು, ಮುಂದೆ ಕೆಂಪು ಬಣ್ಣದ 'ಎಲ್' ಫಲಕ, ಪಕ್ಕದಲ್ಲಿ ಲೈಸೆನ್ಸ್ ಇದ್ದೂ ಕಾಲು ಮಾತು ಕೇಳದ ತಂದೆ, ಹಿಂದೆ ಮೂರು ಊರಿಗೆ ಕೊಡಬೇಕಾದ ಖಾರದ ಚೀಲಗಳು. ಹತ್ತು ಗಂಟೆಗೆ ಓಮ್ನಿ ಹೊರಟಿತು. ದಾರಿಯಲ್ಲಿ ಒಂದು ಎಮ್ಮೆ ಅದನ್ನು ಹಿಂದೆ ಹಾಕಿತೆಂಬ ವದಂತಿಯನ್ನು ಇಲಾಖೆ ನಿರಾಕರಿಸುತ್ತದೆ. ಎಮ್ಮೆ ಸಮಸಮನಾಗಿ ಬಂದಿತ್ತು.

5. ಎಲೆ ಸಂಚಿ ಇರುವ ಸಲಹೆಗಾರರ ಕೈಗೆ ಯಾವುದೇ ಬಿಡಿಭಾಗ ಕೊಡತಕ್ಕದ್ದಲ್ಲ. ಮೊದಲನೆಯ ಸಲಹೆಗಾರ ಬಸವಣ್ಣೆಪ್ಪ, ನಿವೃತ್ತ ಡ್ರಾಯಿಂಗ್ ಮಾಸ್ತರರು, ಮಗಳ ಮನೆಗೆಂದು ಶಿಗ್ಗಾಂವಿಗೆ ಹೋಗಿದ್ದು, ನಟ್ಟನ್ನು ಎಲೆ ಸಂಚಿಯಲ್ಲಿ ಅಡಿಕೆಯ ಜೊತೆ ಇಟ್ಟಿದ್ದರು. ಓಮ್ನಿ ಮನೆ ಮುಟ್ಟುವ ಹೊತ್ತಿಗೆ ಅದನ್ನು ಬಾಯಿಗೆ ಹಾಕಿಕೊಂಡು ಎರಡನೆಯ ಸಲ ಕಡಿದಿದ್ದರು. "ಅಡಕಿ ಭಾಳ ಗಟ್ಟಿ ಐತಿ, ಶಿರಸಿ ಮಾಲ್ ಇರಬೇಕು ಅಂದ್ಕೊಂಡೆ" ಎಂಬುದು ಅವರ ಹೇಳಿಕೆ. ನಟ್ಟಿಗೆ ಹಾನಿಯಾಗಿಲ್ಲ. ಹಲ್ಲಿನ ಬಗ್ಗೆ ಪ್ರತ್ಯೇಕ ಕಡತ ತೆರೆಯಲಾಗಿದೆ. ನಟ್ಟನ್ನು ಮೂರು ಸಲ ತೊಳೆದು ಮುಂದಿನ ಬಲ ಚಕ್ರಕ್ಕೆ ಹಾಕಲಾಯಿತು. ಹದಿಮೂರು.

6. ನೆನಪಿಗಾಗಿ ಸೆರಗಿಗೆ ಗಂಟು ಹಾಕಿಕೊಳ್ಳುವವರು, ಗಂಟು ಯಾತಕ್ಕೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದೇ ಗಂಟಿನ ಪಕ್ಕದ ಇನ್ನೊಂದು ಗಂಟಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಎರಡನೆಯ ಸಲಹೆಗಾರರಾದ ದಿಲ್ಶಾದ ಅವರು ಸುಹಾನಾ ಅವರ ಚಿಕ್ಕಮ್ಮ. ನಟ್ಟು ಮರೆಯಬಾರದೆಂದು ಸೆರಗಿನ ತುದಿಗೆ ಭದ್ರವಾಗಿ ಗಂಟು ಹಾಕಿಕೊಂಡು, ಹಾನಗಲ್ಲಿನ ಬಸ್ಸು ಹತ್ತಿದ ಮೇಲೆ ಗಂಟು ನೋಡಿದರು. ಏನೋ ನೆನಪಿಡಬೇಕಿತ್ತಲ್ಲ ಎಂದು ಅಕ್ಕಿಯಿಂದ ಹಿಡಿದು ಅಕ್ಕನವರೆಗೆ ಎಲ್ಲವನ್ನೂ ನೆನೆದರು. ನಟ್ಟೊಂದನ್ನು ಬಿಟ್ಟು. ಹಾನಗಲ್ಲಿನಲ್ಲಿ ಇಳಿದವರೇ ಮೂರು ಜನ ಸಂಬಂಧಿಕರಿಗೆ ಮುಂಜಾಗ್ರತೆಯಾಗಿ ಕ್ಷಮೆ ಕೇಳಿದ್ದು, ಹನ್ನೆರಡು ವರ್ಷದ ಹಳೆಯ ಜಗಳವೊಂದು ಇದರಿಂದ ಇತ್ಯರ್ಥವಾಗಿದೆ. "ಗಂಟಿನ್ಯಾಗ ಏನೋ ಭಾರ ಐತಿ ಅನಸ್ತು. ನನ್ನ ಮನಸ್ಸಿನ ಭಾರ ಅಂತ ತಿಳಕೊಂಡ್ನಿ" ಎಂದು ಅವರು ಹೇಳಿದ್ದಾರೆ. ಹದಿನಾಲ್ಕು. ಹಾನಗಲ್ಲಿನ ಅಂಗಡಿಗೂ ಶಿಗ್ಗಾಂವಿಯ ಅಂಗಡಿಗೂ ಹೋಗುತ್ತ ಹೋಗುತ್ತಲೇ ಖಾರ ಇಳಿಸಲಾಯಿತು. ಅಂಗಡಿಯವರು ಚೀಲ ನೋಡುವ ಮೊದಲು ಸ್ಟೇರಿಂಗ್ ಹಿಂದೆ ಯಾರು ಎಂದು ಬಗ್ಗಿ ನೋಡಿದರು.

7. ವಾಹನದ ಬಿಡಿಭಾಗಗಳನ್ನು ಕಟ್ಟಡ ಕಾಮಗಾರಿಗೆ ಬಳಸತಕ್ಕದ್ದಲ್ಲ. ಮೂರನೆಯ ಸಲಹೆಗಾರ ಹೂವಪ್ಪ ಗೌಂಡಿ ಕೆಲಸದವರು. ಹಿರೇಕೆರೂರಿನ ಹಾದಿಯ ಚಿಕ್ಕೇರೂರಿನಲ್ಲಿ ಒಂದು ಮನೆ ಕಟ್ಟುತ್ತಿದ್ದು, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಕಳೆದುಹೋಗಿತ್ತು. ಕಿಸೆಗೆ ಕೈ ಹಾಕಿದರೆ ನಟ್ಟು ಸಿಕ್ಕಿತು, ದಾರಕ್ಕೆ ಕಟ್ಟಿ ಇಳಿಬಿಟ್ಟರು. ಅವರ ಇಪ್ಪತ್ತು ವರ್ಷದ ಸೇವೆಯಲ್ಲಿ ಮೊದಲ ಬಾರಿಗೆ ಗೋಡೆ ನೆಟ್ಟಗೆ ಬಂತು. ಕಾರಣ, ಮನೆಯ ಮಾಲೀಕರು ಗೋಡೆ ಮುಗಿಯುವವರೆಗೆ ನಟ್ಟನ್ನು ಬಿಡುಗಡೆ ಮಾಡಲು ಸಾಫ್ ನಿರಾಕರಿಸಿದರು. ಆಗ ಸಮಯ ಎರಡೂವರೆ. ಸುಹಾನಾ ಅವರು ಅರ್ಧ ಕಿಲೋ ಖಾರವನ್ನು ತೂಕ ನೋಡಿ ಪೊಟ್ಟಣ ಕಟ್ಟಿ ಅದೇ ದಾರಕ್ಕೆ ತೂಗುಹಾಕಿದರು. ಗೋಡೆ ಈಗಲೂ ನೆಟ್ಟಗಿದೆ, ಆದರೆ ಕೆಲಸಗಾರರು ದಾರದ ಬಳಿಯಿಂದ ಕದಲುತ್ತಿಲ್ಲ. ಹದಿನೈದು.

8. ಬಿಗಿದ ನಟ್ಟುಗಳನ್ನು ಐವತ್ತು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬಿಗಿಯತಕ್ಕದ್ದು. ಇದು ತಮಾಷೆಯಲ್ಲ. ಸುಹಾನಾ ಅವರು ಪ್ರತಿ ಊರಿನಲ್ಲಿ ಇಳಿದು, ಪಾನಾ ಹಿಡಿದು, ನಾಲ್ಕೂ ಚಕ್ರಗಳ ಒಂದೊಂದು ನಟ್ಟನ್ನೂ ಎದುರುಬದುರಾಗಿ ಬಿಗಿದಿದ್ದಾರೆ. ನಾಲ್ಕು ತಾಲೂಕುಗಳ ಚಾಲಕರಲ್ಲಿ ಹೀಗೆ ಮಾಡುವವರು ಬೇರೆ ಯಾರಾದರೂ ಇದ್ದಲ್ಲಿ ಕಚೇರಿಗೆ ಹಾಜರಾಗಿ ಹಾರ ಹಾಕಿಸಿಕೊಳ್ಳಬಹುದು.

9. ನಾಲ್ಕನೆಯ ಸಲಹೆಗಾರರ ಹೆಸರನ್ನು ಆಡಳಿತಾತ್ಮಕ ಕಾರಣಗಳಿಂದ ತಡೆಹಿಡಿಯಲಾಗಿದೆ. ಬಿಳಿ ಅಂಗಿ, ಕಪ್ಪು ಗಾಗಲ್, ಅಂಗಿಯ ಕಿಸೆಯಲ್ಲಿ ಪೆನ್ನು. ಸವಣೂರಿನ ಮೇಲೆ ಹಾದು ಹಿರೇಕೆರೂರಿನ ಕಡೆಗೆ ಕರ್ತವ್ಯದ ಮೇಲೆ ತೆರಳುತ್ತಿದ್ದ ಇವರು ಖಾರ ಕೊಳ್ಳಲು ಜೀಪು ನಿಲ್ಲಿಸಿದವರು, ಹುಡುಗಿಯೊಬ್ಬಳು ಸುತ್ತಿಗೆ ಹಿಡಿದದ್ದು ಕಂಡು ತಡೆಯಲಾರದೆ ಅಂಗಳಕ್ಕೆ ನುಗ್ಗಿ, "ಹಂಗಲ್ಲಮ್ಮಾ, ಬಿಗಿ ಮಾಡಬೇಕಂದ್ರ ಎಡಕ್ಕ ತಿರವು" ಎಂದು ಸಲಹೆ ನೀಡಿದರು. ಎಡಕ್ಕೆ ತಿರುವಿದರೆ ನಟ್ಟು ಸಡಿಲಾಗುತ್ತದೆ ಎಂಬುದು ಈಗ ಇಲಾಖೆಯ ಗಮನಕ್ಕೆ ಬಂದಿದ್ದು, ವಿಷಾದಿಸಲಾಗಿದೆ.

10. ಜಾಕ್ ಮೇಲಿರುವ ವಾಹನದಿಂದ ಸಾಮಾನ್ಯ ಸಾರ್ವಜನಿಕರು ಐದು ಅಡಿ, ಗುಮಾಸ್ತರು ಹತ್ತು ಅಡಿ, ಅಧಿಕಾರಿಗಳು ನೂರು ಅಡಿ ದೂರ ನಿಲ್ಲತಕ್ಕದ್ದು. ಹುದ್ದೆ ಏರಿದಂತೆ ಅಂತರ ಏರತಕ್ಕದ್ದು. ಅತಿ ಹಿರಿಯ ಅಧಿಕಾರಿಗಳು ಪಕ್ಕದ ತಾಲೂಕಿನಲ್ಲಿ ನಿಲ್ಲುವುದು.

11. ಮೂರೂ ಐವತ್ತಕ್ಕೆ ಓಮ್ನಿ ಪರೀಕ್ಷಾ ಮೈದಾನ ಸೇರಿತು. ನಾಲ್ಕಕ್ಕೆ ಶಿಬಿರ ಮುಗಿಯುವುದಿತ್ತು. ಪರೀಕ್ಷಾಧಿಕಾರಿಗಳು ಚಕ್ರಗಳನ್ನು ಸುತ್ತಿ ಬಂದು ನಟ್ಟು ಎಣಿಸಿದರು. ನಾಲ್ಕು, ನಾಲ್ಕು, ನಾಲ್ಕು, ಎಡ ಹಿಂಬದಿಗೆ ಮೂರು. "ಒಂದು ನಟ್ಟು ಇಲ್ಲ. ವಾಹನ ಪರೀಕ್ಷೆಗೆ ನಡಿಯಂಗಿಲ್ಲ. ಮುಂದಿನ ಸಲ ಬರ್ರಿ" ಎಂದು ಆದೇಶಿಸಿ ಕಡತ ಮುಚ್ಚಿದರು. ಜಮಾಲಸಾಬರು ಕೈ ಮುಗಿಯಲು ಹೋದರು. ಸುಹಾನಾ ಅವರು ತಂದೆಯ ಕೈ ಹಿಡಿದು ಕೆಳಗಿಳಿಸಿದರು. ಅಧಿಕಾರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂತರ ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದ್ದು ಅಕ್ಷರಶಃ ಹೀಗಿದೆ:

"ಸಾಹೇಬ್ರ, ಮುಂಜಾನಿ ನೀವು ಗಾಗಲ್ ಹಾಕ್ಕೊಂಡಿದ್ರಿ. ಹದಿನಾರನೇ ನಟ್ಟು ನಿಮ್ಮ ಪ್ಯಾಂಟಿನ ಕಿಸೇದಾಗ ಐತಿ. ನೂರು ಕಿಲೋಮೀಟರ್ ಅದನ್ನ ಹುಡಕ್ಕೋತ ಬಂದೇನಿ. ತಗೀರಿ."

ಅಧಿಕಾರಿಗಳು "ಯಾರ ಮುಂದ ಮಾತಾಡಾಕತ್ತೀದಿ, ಗೊತ್ತೈತೇನು?" ಎಂದು ಕೇಳುತ್ತಲೇ ಕಿಸೆಗೆ ಕೈ ಹಾಕಿದರು. ನಟ್ಟು ಬೆಚ್ಚಗಿತ್ತು.

12. ಸುಹಾನಾ ಅವರು ನಟ್ಟನ್ನು ಇಸಿದುಕೊಂಡು, ಅದಕ್ಕೆ ಅಂಟಿದ್ದ ಖಾರದ ಪುಡಿ ಊದಿ, ತಾವೇ ಕುಳಿತು ಬಲಕ್ಕೆ ತಿರುವಿ ಬಿಗಿದರು. ಅಧಿಕಾರಿಗಳು ಬಗ್ಗಿ ನೋಡಲು ಹೋಗಿ, ನಂತರ ಸ್ವಪ್ರೇರಣೆಯಿಂದ ನೂರು ಅಡಿ ದೂರ ನಡೆದರು. ಅಲ್ಲಿಂದಲೇ ಪರೀಕ್ಷೆ ನಡೆಸಲಾಯಿತು. ಎಂಟರ ಆಕಾರದಲ್ಲಿ ಹೊಡೆದದ್ದು ಸರಿಯಿತ್ತು. ಹಿಂದಕ್ಕೆ ತಂದು ನಿಲ್ಲಿಸಿದ್ದು ಸರಿಯಿತ್ತು. ದಿಣ್ಣೆಯ ಮೇಲೆ ಗಾಡಿ ಒಂದಿಂಚು ಹಿಂದೆ ಜಾರಲಿಲ್ಲ. ನಾಲ್ಕೂ ಹತ್ತಕ್ಕೆ ಸುಹಾನಾ ತೇರ್ಗಡೆಯಾದರು. ಜಮಾಲಸಾಬರು ಕುಂತಲ್ಲೇ ಎರಡೂ ಕಾಲು ಎತ್ತಿ ಕುಣಿಸಿದ್ದು, ಬಲ ಮೊಣಕಾಲು ಯಾವುದೇ ಆಕ್ಷೇಪಣೆ ಸಲ್ಲಿಸಿಲ್ಲ. ಹಿರೇಕೆರೂರಿನ ಅಂಗಡಿಗೆ ಹೋಗಬೇಕಿದ್ದ ಖಾರದ ಚೀಲವೊಂದು ಮೈದಾನದಲ್ಲೇ ಬಿಚ್ಚಲ್ಪಟ್ಟು ನೆರೆದವರೆಲ್ಲರ ಬಾಯಿ ಸೇರಿತು.

13. ಅಧಿಕಾರಿಗಳು ತಪ್ಪಿಗೆ ಪ್ರತಿಯಾಗಿ ಏನು ಬೇಕೆಂದು ಕೇಳಲಾಗಿ, ಸುಹಾನಾ ಅವರು ಮೇಲಿನವರಿಗೆ ದೂರು ಬರೆಯುವುದಿಲ್ಲವೆಂದೂ, ಒಂದೇ ಒಂದು ಕಾಗದ ಬೇಕೆಂದೂ ತಿಳಿಸಿದರು. "ನಾ ಬಾಯಿಲೆ 'ಕೈ ಹಾಕಬ್ಯಾಡ್ರಿ, ನನಗ ಬರ್ತೈತಿ' ಅಂದ್ರ ದೊಡ್ಡವರು ನಗ್ತಾರ್ರೀ. ಸಾಹೇಬ್ರ ಸಹಿ ಇದ್ರ ನಂಬ್ತಾರ. ನೀವಽ ಬರದು ಕೊಡ್ರಿ." ಈ ಮಾತು ಕೇಳಿ ಸದರಿ ಅಧಿಕಾರಿಗಳಿಗೆ ಬಹಳ ಕೆಡುಕೆನಿಸಿತು. ಕಾರಣ ಈ ಸುತ್ತೋಲೆ.

14. ಆದ್ದರಿಂದ ಸುಹಾನಾ ಅವರಿಗೆ ಸ್ಟಡ್ ಕೂರಿಸಲು ಬರುತ್ತದೆ, ನಟ್ಟು ಬಿಗಿಯಲು ಬರುತ್ತದೆ, ಗಾಡಿ ಹೊಡೆಯಲು ಬರುತ್ತದೆ ಎಂದು ಈ ಮೂಲಕ ಸರ್ವರಿಗೂ ಘೋಷಿಸಲಾಗಿದೆ. ಸಲಹೆ ನೀಡಲೇಬೇಕೆಂಬ ತುರ್ತು ಉಂಟಾದವರು ಒಂದು ಈರುಳ್ಳಿ, ಅರ್ಧ ಇಟ್ಟಿಗೆ ಅಥವಾ ತಮ್ಮದೇ ಚಪ್ಪಲಿಯನ್ನು ಹಿಡಿದುಕೊಂಡು ನಿಲ್ಲಬಹುದು. ನಟ್ಟನ್ನು ಕೇಳತಕ್ಕದ್ದಲ್ಲ.

15. ಈ ಸುತ್ತೋಲೆ ತಕ್ಷಣದಿಂದ ಜಾರಿಗೆ ಬರುತ್ತದೆ. ಓದಿದವರು "ಹಂಗಲ್ಲ" ಎಂದಲ್ಲಿ ಅದನ್ನು ಕಲಂ 2ರ ಮಿತಿಯಲ್ಲಿ ಎಣಿಸಲಾಗುವುದು.

ಸಹಿ/-
(ಶಿವಾನಂದ)
ಪರೀಕ್ಷಾಧಿಕಾರಿ ಹಾಗೂ
ಕಲಂ 9ರಲ್ಲಿ ಹೆಸರು ತಡೆಹಿಡಿಯಲ್ಪಟ್ಟವರು

ಪ್ರತಿಗಳು:
1) ಬಸವಣ್ಣೆಪ್ಪ, ಸವಣೂರು: ಮಾಹಿತಿಗಾಗಿ. ಎಲೆ ಸಂಚಿಯಲ್ಲಿ ಇಡಬಾರದು. ಕಡಿಯಬಾರದು.
2) ದಿಲ್ಶಾದ, ಸವಣೂರು: ನೆನಪಿಗಾಗಿ. ಯಾವ ನೆನಪು ಎಂಬುದನ್ನು ಮೇಲೆ ಬರೆದಿದೆ.
3) ಹೂವಪ್ಪ, ಚಿಕ್ಕೇರೂರಿನ ಕೆಲಸದ ಮನೆ: ಸೂಕ್ತ ಕ್ರಮಕ್ಕಾಗಿ. ದಾರಕ್ಕೆ ಕಟ್ಟಬಾರದು.
4) ಉಲ್ಲೇಖ 3ರ ಗೋಡೆ: ಅಂಟಿಸಲು. ನೆಟ್ಟಗೆ.
5) ಜಮಾಲಸಾಬ ಮತ್ತು ಮುನವ್ವರಾ, ಸವಣೂರು: ಸಂತೋಷಕ್ಕಾಗಿ.
6) ಸುಹಾನಾ, ಸವಣೂರು: ಕೇಳಿದ ಪ್ರಕಾರ, ಮುಂಬಾಗಿಲಿಗೆ ಹಚ್ಚಲು. ಜೊತೆಗೆ ಲೈಸೆನ್ಸ್.
7) ಕಚೇರಿ ಪ್ರತಿ: ಸಹಿ ಮಾಡುವಾಗ ಇದನ್ನು ಒಂಚೂರು ಹಿಡಿದುಕೊಳ್ಳಿರೆಂದು ಒಬ್ಬರ ಕೈಗೆ ಕೊಡಲಾಗಿತ್ತು. ಅವರು ಹಾನಗಲ್ಲಿನ ಬಸ್ಸು ಹತ್ತಿದ್ದಾರೆ.